ಹೋಗಲು ಪುಕ್ಕಟೆ, ಬರಲು ಚೌಕಾಸಿ

ನನ್ನ ನೌಕರಿಯೆಲ್ಲ ಕಳೆದದ್ದು ರೈಲ್ವೆ ಬುಕಿಂಗ್ ಕಿಟಕಿಯ ಹಿಂದೆ. ಪೂರ್ತಿ ದರ, ಅರ್ಧ ದರ, ವಿದ್ಯಾರ್ಥಿ ರಿಯಾಯಿತಿ, ಪೊಲೀಸ್ ವಾರಂಟು ಎಲ್ಲವನ್ನೂ ಹರಿದು ಕೊಟ್ಟಿದ್ದೇನೆ. ಯಾವ ರಿಯಾಯಿತಿ ಟಿಕೆಟ್ಟಾದರೂ ಉಳಿದ ದುಡ್ಡನ್ನು ಯಾರೋ ಒಬ್ಬರು ಎಲ್ಲೋ ತುಂಬಲೇಬೇಕು. ತುಂಬಿದವರು ಅದನ್ನು ಬಿಟ್ಟುಬಿಡುವ ಜಾಯಮಾನದವರಲ್ಲ. ಹಾಗಾಗಿ ನಿವೃತ್ತಿಯ ಮೇಲೆ ಮದ್ರಾಸಿನಿಂದ ಹೊರಟ ಕೂಲಿ ಹಡಗುಗಳ ಚರಿತ್ರೆ ಓದಲು ಕೂತಾಗಲೂ ನನ್ನ ಕಣ್ಣು ಮೊದಲು ಹುಡುಕಿದ್ದು ಹಡಗಿನ ಹೆಸರನ್ನಲ್ಲ, ಟಿಕೆಟ್ಟಿನ ದುಡ್ಡು ಕಟ್ಟಿದವರನ್ನು.

ನಮ್ಮ ಕಡೆಗೂ ಸಮುದ್ರಕ್ಕೂ ಏನು ಸಂಬಂಧ ಅನ್ನಬಹುದು. ಆಗ ನಾವು ಮದ್ರಾಸ್ ಪ್ರಾಂತ್ಯದವರು. ಬಳ್ಳಾರಿ ಜಿಲ್ಲೆಯಲ್ಲಿ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ತಾಲ್ಲೂಕುಗಳಿದ್ದವು. ನಮ್ಮ ಕೊಟ್ಟೂರು ಕೂಡ್ಲಿಗಿಗೆ ಸೇರಿತ್ತು, ಹಗರಿಬೊಮ್ಮನಹಳ್ಳಿ ಇನ್ನೂ ತಾಲ್ಲೂಕು ಆಗಿರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ನಮ್ಮ ಬಂದರು ಮದ್ರಾಸೇ. 1876-78ರ ಬರ, ಹಿರಿಯರು ಧಾತು-ಈಶ್ವರ ಬರ ಅನ್ನುತ್ತಿದ್ದದ್ದು, ಬಳ್ಳಾರಿ ಜಿಲ್ಲೆಯನ್ನು ಹಿಂಡಿ ಹಾಕಿತು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಹೆಚ್ಚುಕಮ್ಮಿ ಐದರಲ್ಲೊಂದು ಪಾಲು ಇಳಿಯಿತು. ಬರದ ವೇಳೆಗೆ ಬಳ್ಳಾರಿಗೆ ರೈಲು ಬಂದಿತ್ತು. ಹೊಸಪೇಟೆಗೆ ಬಂದದ್ದು 1880ರ ದಶಕದಲ್ಲಿ, ಕೊಟ್ಟೂರಿಗೆ ಇಪ್ಪತ್ತನೇ ಶತಮಾನ ಹುಟ್ಟಿದ ಮೇಲೆ. ಅಂದರೆ ಹರಪನಹಳ್ಳಿ ಸೀಮೆಯವನು ಮದ್ರಾಸಿಗೆ ಹೋಗಬೇಕೆಂದರೆ ಮೊದಲು ಬಳ್ಳಾರಿಯವರೆಗೆ ಕಾಲು ಸವೆಸಲೇಬೇಕಿತ್ತು.

ನಮ್ಮ ಜಿಲ್ಲೆಯಿಂದ ಕಡಲು ದಾಟಿದವರು ಬಹಳ ಮಂದಿಯಲ್ಲ. ಮದ್ರಾಸಿನ ಹಡಗು ತುಂಬಿದ್ದು ಮುಖ್ಯವಾಗಿ ತಮಿಳರು ಮತ್ತು ತೆಲುಗರಿಂದ. ಆದರೆ ಹೋದವರು ಯಾವ ಜಿಲ್ಲೆಯವರಾದರೂ ಕಟ್ಟಳೆ ಒಂದೇ.

ಆ ಕಟ್ಟಳೆ ಹೀಗೆ. ಕೂಲಿ ಬೇಕಾದ ವಸಾಹತು ಮದ್ರಾಸಿನಲ್ಲಿ ಒಬ್ಬ ಏಜೆಂಟನನ್ನು ಇಟ್ಟಿರುತ್ತಿತ್ತು. ಅವನ ಕೈಕೆಳಗೆ ಲೈಸೆನ್ಸು, ಬಿಲ್ಲೆ ಇದ್ದ ಆಳು ಹಿಡಿಯುವವರು. ಸಂತೆ, ಛತ್ರ, ರೈಲ್ವೆ ಸ್ಟೇಷನ್ನು ಇವರ ಠಾವು. ತಲೆಗಿಷ್ಟು ಅಂತ ಕಮಿಷನ್. ನೂರು ಗಂಡಸರಿಗೆ ನಲವತ್ತು ಹೆಂಗಸರು ಇರಲೇಬೇಕೆಂಬ ನಿಯಮವಿದ್ದದ್ದರಿಂದ ಹೆಂಗಸಿಗೆ ಕಮಿಷನ್ ಹೆಚ್ಚು. 1883ರ ವಲಸೆ ಕಾಯ್ದೆಯ ಪ್ರಕಾರ ಆಳನ್ನು ಮದ್ರಾಸಿಗೆ ಸಾಗಿಸುವ ಮೊದಲು ನೋಂದಣಿ ಅಧಿಕಾರಿಯ ಮುಂದೆ ನಿಲ್ಲಿಸಿ, ಒಪ್ಪಂದವನ್ನು ಓದಿ ಹೇಳಿ, ಒಪ್ಪಿಗೆ ಕೇಳಬೇಕು. ಆಮೇಲೆ ಮದ್ರಾಸಿನ ಡಿಪೋ, ಡಾಕ್ಟರ ತಪಾಸಣೆ, ಹಡಗು. ರೈಲು ಚಾರ್ಜು, ಡಿಪೋದ ಊಟ, ಹಡಗಿನ ಟಿಕೆಟ್ಟು ಯಾವುದಕ್ಕೂ ಆಳು ಕಾಸು ಬಿಚ್ಚುವ ಹಾಗಿಲ್ಲ.

ನೆಟಾಲಿಗೆ, ಅಂದರೆ ಈಗಿನ ದಕ್ಷಿಣ ಆಫ್ರಿಕದ ಕಬ್ಬಿನ ಸೀಮೆಗೆ, ಮೊದಲ ಹಡಗು ‘ಟ್ರೂರೋ’. ಮದ್ರಾಸ್ ಬಿಟ್ಟು 1860ರ ನವೆಂಬರ್ 16ರಂದು ಡರ್ಬನ್ ಮುಟ್ಟಿತು. ಅಲ್ಲಿಂದ 1911ರವರೆಗೆ ಒಂದೂವರೆ ಲಕ್ಷ ಮಂದಿ ನೆಟಾಲಿಗೆ ಹೋದರು. ಅವರಲ್ಲಿ ಸುಮಾರು ಮೂರನೇ ಎರಡು ಪಾಲು ಮದ್ರಾಸಿನಿಂದಲೇ. ಕೊನೆಕೊನೆಗೆ ‘ಉಮ್ಲಾಜಿ’, ‘ಉಮ್ಜಿಂಟೊ’ದಂಥ ಉಗಿಹಡಗುಗಳು ಓಡಾಡುತ್ತಿದ್ದವು.

ಆ ಹಡಗುಗಳಲ್ಲಿ ಹೋದವರ ಪಟ್ಟಿ ಈಗಲೂ ಇದೆ. ಪಟ್ಟಿ ಅಂದರೆ ಏನು ಅಂತ ನನ್ನಂಥ ಗುಮಾಸ್ತನಿಗೆ ಗೊತ್ತಾಗುತ್ತದೆ. ನಂಬರು, ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಊರು, ಎತ್ತರ, ಮೈಮೇಲಿನ ಗುರುತು. ಮೊಣಕಾಲ ಮೇಲೆ ಗಾಯದ ಕಲೆ, ಎದೆಯ ಮೇಲೆ ಮಚ್ಚೆ, ಇಂಥವು. ಊರಿನ ಹೆಸರುಗಳನ್ನು ಇಂಗ್ಲಿಷಿನಲ್ಲಿ ಕಿವಿಗೆ ಬಿದ್ದ ಹಾಗೆ ಗೀಚಿದ್ದಾರೆ, ಗುರುತು ಹಿಡಿಯಲು ಬಾಯಿಬಿಟ್ಟು ಓದಿಯೇ ನೋಡಬೇಕು. ಮಕ್ಕಳ ಲೆಕ್ಕ ಮಾತ್ರ ನಮ್ಮ ರೈಲ್ವೆಯ ಲೆಕ್ಕವೇ: ಹತ್ತು ವರ್ಷದೊಳಗಿನ ಇಬ್ಬರು ಸೇರಿ ಒಬ್ಬ ದೊಡ್ಡವರು. ಅರ್ಧ ಟಿಕೆಟ್ಟು! ಆದರೆ ಅದರ ಲಾಭ ತಾಯಿಗೋ ತಂದೆಗೋ ಅಲ್ಲ, ದುಡ್ಡು ಕಟ್ಟುವ ವಸಾಹತಿಗೆ.

ಕಟ್ಟಿದವರು ಯಾರು? 1874ರಿಂದ ನೆಟಾಲಿನಲ್ಲಿ ಇದಕ್ಕಾಗಿಯೇ ಭಾರತೀಯ ವಲಸೆ ಟ್ರಸ್ಟ್ ಬೋರ್ಡು ಇತ್ತು. ಆಳು ಬೇಕೆಂದ ತೋಟದ ಮಾಲೀಕ ಬೋರ್ಡಿಗೆ ಕಂತಿನಲ್ಲಿ ದುಡ್ಡು ತುಂಬುತ್ತಿದ್ದ. ಸಾಲದ್ದಕ್ಕೆ 1894ರವರೆಗೂ ವಸಾಹತು ಸರ್ಕಾರ ವರ್ಷಕ್ಕೆ 10,000 ಪೌಂಡ್ ಸಹಾಯಧನ ಕೊಡುತ್ತಿತ್ತು. ಅಂದರೆ ನಿಜವಾದ ರಿಯಾಯಿತಿ ಸಿಕ್ಕಿದ್ದು ಮಾಲೀಕನಿಗೆ. ಆಳಿಗೆ ಸಿಕ್ಕಿದ್ದು ಐದು ವರ್ಷದ ಕರಾರು: ಮೊದಲ ವರ್ಷ ತಿಂಗಳಿಗೆ 10 ಶಿಲ್ಲಿಂಗ್, ವರ್ಷಕ್ಕೊಂದರಂತೆ ಏರಿ ಐದನೇ ವರ್ಷ 14. ಈಗಲೂ ಅಷ್ಟೇ, ನಮ್ಮ ಹರಪನಹಳ್ಳಿ, ಕೂಡ್ಲಿಗಿ ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋಗುವವರನ್ನು ಕೇಳಿ ನೋಡಿ. ಮೇಸ್ತ್ರಿ ಮುಂಗಡ ಕೊಡುತ್ತಾನೆ, ಲಾರಿಯನ್ನೂ ಅವನೇ ತರುತ್ತಾನೆ. ಆ ಲಾರಿಗೆ ಬಾಡಿಗೆ ಕೇಳಿದವರನ್ನು ನಾನಂತೂ ಕಂಡಿಲ್ಲ.

ಹೋಗುವ ಟಿಕೆಟ್ಟಿಗೆ ಹೀಗೆ ಯಾರೂ ಚೌಕಾಸಿ ಮಾಡಲಿಲ್ಲ. ಚೌಕಾಸಿಯೆಲ್ಲ ವಾಪಸ್ ಟಿಕೆಟ್ಟಿಗೆ. ಮಾರಿಷಸ್ 1850ರ ದಶಕದ ಆರಂಭದಲ್ಲೇ ಪುಕ್ಕಟೆ ವಾಪಸಾತಿಯನ್ನು ಕಿತ್ತುಹಾಕಿತು. ವೆಸ್ಟ್ ಇಂಡೀಸಿನ ಟ್ರಿನಿಡಾಡ್ 1890ರ ದಶಕದಲ್ಲಿ ನಿಯಮ ಬಿಗಿ ಮಾಡಿತು: ಕೊನೆಗೆ ಗಂಡಸು ಅರ್ಧ ಚಾರ್ಜು, ಹೆಂಗಸು ಮೂರನೇ ಒಂದು ಪಾಲು ಕೈಯಿಂದ ತುಂಬಬೇಕಾಯಿತು. ಅದಕ್ಕೂ ಸಹಾಯದ ಪ್ರಯಾಣ ಅಂತಲೇ ಹೆಸರು. ಮೊದಲು ಪೂರ್ತಿ ಕೊಡುತ್ತೇವೆಂದು ಹೇಳಿ, ಅರ್ಧಕ್ಕಿಳಿಸಿ, ಆ ಅರ್ಧವನ್ನೇ ಉಪಕಾರ ಅನ್ನುವುದು ಎಲ್ಲ ಕಾಲದ ಕಚೇರಿಗಳಿಗೂ ಬರುವ ವಿದ್ಯೆ.

ನೆಟಾಲಿನ ವರಸೆ ತಿರುವುಮುರುವು. ಅಲ್ಲಿ ಹತ್ತು ವರ್ಷ ಕಳೆದವರಿಗೆ ಪುಕ್ಕಟೆ ವಾಪಸ್ ಟಿಕೆಟ್ಟು ಇತ್ತು. ಅದರ ಬದಲು ಜಮೀನು ಕೊಡುವ ಮಾತೂ 1891ರವರೆಗೆ ಕಾನೂನಿನಲ್ಲಿತ್ತು, ಪಡೆದವರು ಮಾತ್ರ ವಿರಳ. ಆದರೆ ಬಹಳಷ್ಟು ಜನ ಟಿಕೆಟ್ಟೂ ಕೇಳದೆ ಅಲ್ಲೇ ಉಳಿದು ತರಕಾರಿ ಬೆಳೆದರು, ಅಂಗಡಿ ಇಟ್ಟರು. ಬಿಳಿಯರಿಗೆ ಆಳು ಬೇಕಿತ್ತು, ನೆರೆಯವ ಬೇಡವಾಗಿತ್ತು. ಕರಾರು ಮುಗಿದ ಮೇಲೂ ಉಳಿಯುವವನ ಮೇಲೆ ವರ್ಷಕ್ಕೆ 25 ಪೌಂಡ್ ತೆರಿಗೆ ಹಾಕಬೇಕೆಂದು ಹೊರಟರು. ವೈಸರಾಯ್ ಎಲ್ಜಿನ್ 3 ಪೌಂಡಿಗೆ ಒಪ್ಪಿದ. 1895ರ ಕಾಯ್ದೆ ಅದು. ಮೂರು ಪೌಂಡ್ ಅಂದರೆ 60 ಶಿಲ್ಲಿಂಗ್, 14 ಶಿಲ್ಲಿಂಗಿನವನಿಗೆ ನಾಲ್ಕು ತಿಂಗಳ ಸಂಬಳಕ್ಕೂ ಮೇಲೆ. ತೆರಿಗೆ ಕಟ್ಟು, ಇಲ್ಲ ಮತ್ತೆ ಕರಾರಿಗೆ ಬೀಳು, ಅದೂ ಬೇಡವಾದರೆ ಪುಕ್ಕಟೆ ಟಿಕೆಟ್ಟು ಇಗೋ, ಹೊರಡು. ಪುಕ್ಕಟೆ ಟಿಕೆಟ್ಟನ್ನು ದೊಣ್ಣೆ ಮಾಡಿಕೊಂಡ ಉದಾಹರಣೆ ನನ್ನ ಓದಿನಲ್ಲಿ ಇನ್ನೊಂದಿಲ್ಲ. 1913ರಲ್ಲಿ ಗಾಂಧಿಯವರ ಜೊತೆ ಗಣಿಯವರೂ ಕಬ್ಬಿನ ತೋಟದವರೂ ಕೆಲಸ ಬಿಟ್ಟು ನಿಂತ ಮೇಲೆ, 1914ರಲ್ಲಿ ಆ ತೆರಿಗೆ ಹೋಯಿತು.

ಟಿಕೆಟ್ಟು ಹೋಗಲಿಲ್ಲ. ಅದೇ 1914ರ ಕಾಯ್ದೆಯಲ್ಲಿ, ಅಲ್ಲಿ ನೆಲೆಸುವ ಹಕ್ಕು ಬಿಟ್ಟುಕೊಟ್ಟವರಿಗೆ ಪುಕ್ಕಟೆ ಪ್ರಯಾಣವಿತ್ತು. ಭಾರತ, ದಕ್ಷಿಣ ಆಫ್ರಿಕ ಸರ್ಕಾರಗಳ ನಡುವಿನ 1927ರ ಕೇಪ್‌ಟೌನ್ ಒಪ್ಪಂದ ಅದರ ಮೇಲೆ ಬೋನಸ್ ಇಟ್ಟಿತು: ದೊಡ್ಡವರಿಗೆ 20 ಪೌಂಡ್, ಮಕ್ಕಳಿಗೆ 10. ಆಗಿನ ದರದಲ್ಲಿ 20 ಪೌಂಡಿಗೆ 266 ರೂಪಾಯಿ 10 ಆಣೆ 8 ಪೈ. ಸಣ್ಣ ಮೊತ್ತವೇನಲ್ಲ. ಆದರೆ ಮದ್ರಾಸಿನಲ್ಲಿ ಇಳಿದವರ ಗತಿಯನ್ನು 1931ರಲ್ಲಿ ಭವಾನಿ ದಯಾಳ್ ಸಂನ್ಯಾಸಿ ಮತ್ತು ಬನಾರಸಿದಾಸ್ ಚತುರ್ವೇದಿ ವರದಿ ಮಾಡಿದರು. ಊರಿನಲ್ಲಿ ಜಾತಿಯವರು ಸೇರಿಸಿಕೊಳ್ಳದೆ, ನೆಟಾಲಿನಲ್ಲೇ ಹುಟ್ಟಿದ ಮಕ್ಕಳಿಗೆ ಇಲ್ಲಿನ ನೀರು, ಕೂಲಿ ಒಗ್ಗದೆ, ಬೋನಸ್ ಕರಗಿ, ಕೆಲವರು ಮಲಯಾ ಕಡೆಗೆ ಮತ್ತೆ ಹಡಗು ಹತ್ತಿದರು.

ನೆಟಾಲಿಗೇ ಮರಳಬಾರದೇ? ಮರಳಬಹುದಿತ್ತು. ಒಪ್ಪಂದದಲ್ಲಿ ಅದಕ್ಕೂ ಅವಕಾಶ ಬರೆದಿದ್ದರು: ಮೂರು ವರ್ಷದೊಳಗೆ ಹೊರಡಬೇಕು, ಪಡೆದ ಬೋನಸ್ಸನ್ನು ವಾಪಸ್ ಕಟ್ಟಬೇಕು, ಜೊತೆಗೆ ತಮ್ಮನ್ನು ಇಲ್ಲಿಗೆ ಕಳಿಸಿದ ಆ ಪುಕ್ಕಟೆ ಪ್ರಯಾಣದ ಪೂರ್ತಿ ಚಾರ್ಜನ್ನೂ.