ಮೆಗಾಪಿಕ್ಸೆಲ್ ಜಾಸ್ತಿ ಇದ್ದರೆ ಫೋಟೊ ಚೆನ್ನಾಗಿ ಬರುತ್ತದೆಯೇ?

“108 ಮೆಗಾಪಿಕ್ಸೆಲ್ ಫೋನ್ ಇದ್ದರೆ ಸಾಕು, ಯಾರು ತೆಗೆದರೂ ಫೋಟೊ ಸೂಪರ್” ಎಂಬಂಥ ಮಾತು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಕೇಳಿಬರುತ್ತದೆ. ಇದನ್ನು ನಂಬಿ ಕಂತಿನಲ್ಲಿ ಹೊಸ ಫೋನ್ ಕೊಳ್ಳುವ ಮೊದಲು ಸ್ವಲ್ಪ ಲೆಕ್ಕ ನೋಡೋಣ.

ಲೆಕ್ಕ ಏನು ಹೇಳುತ್ತದೆ?

ಒಂದು ಮೆಗಾಪಿಕ್ಸೆಲ್ ಎಂದರೆ 10 ಲಕ್ಷ ಚುಕ್ಕಿಗಳು. 6×4 ಇಂಚಿನ ಫೋಟೊ ಪ್ರಿಂಟ್ ಹಾಕಿಸಲು ಸುಮಾರು 2 ಮೆಗಾಪಿಕ್ಸೆಲ್ ಸಾಕು. ಗೋಡೆಗೆ ಹಾಕುವ 12×18 ಇಂಚಿನ ಪ್ರಿಂಟಿಗೂ 9 ಮೆಗಾಪಿಕ್ಸೆಲ್ ಇದ್ದರೆ ನಡೆಯುತ್ತದೆ. 108 ಮೆಗಾಪಿಕ್ಸೆಲ್ ಫೋನುಗಳು ಕೂಡ ಸಾಮಾನ್ಯವಾಗಿ ಒಂಬತ್ತು ಚುಕ್ಕಿಗಳನ್ನು ಸೇರಿಸಿ ಒಂದು ಮಾಡಿ, 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತವೆ.

ಹೀಗೇಕೆ? ಫೋನಿನ ಸೆನ್ಸರ್ ಬೆರಳಿನ ಉಗುರಿಗಿಂತ ದೊಡ್ಡದೇನಲ್ಲ. ಅಷ್ಟು ಜಾಗದಲ್ಲಿ ಚುಕ್ಕಿ ಹೆಚ್ಚಾದಷ್ಟೂ ಒಂದೊಂದಕ್ಕೆ ಬೀಳುವ ಬೆಳಕು ಕಡಿಮೆ. ಅದಕ್ಕೇ ಸಂಜೆಯ ಮಬ್ಬಿನಲ್ಲಿ ಚಿತ್ರ ಕಾಳುಕಾಳಾಗಿ ಕಾಣುತ್ತದೆ. ಹೆಚ್ಚು ಮೆಗಾಪಿಕ್ಸೆಲ್‌ನಿಂದ ಲಾಭವೇ ಇಲ್ಲ ಎಂದಲ್ಲ. ಒಳ್ಳೆಯ ಬಿಸಿಲಿನಲ್ಲಿ ತೆಗೆದ ಚಿತ್ರದ ಒಂದು ಭಾಗವನ್ನು ಕತ್ತರಿಸಿಕೊಳ್ಳಲು ಅದು ನೆರವಾಗುತ್ತದೆ. ಅಷ್ಟೇ.

ಬೆಳ್ಳಕ್ಕಿ ಬಿಳಿ ಕಲೆಯಾಗುವುದು ಏಕೆ?

ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯ ಸುತ್ತಮುತ್ತ ಕಬ್ಬು, ಭತ್ತದ ಗದ್ದೆಗಳಿವೆ. ಗದ್ದೆಯಲ್ಲಿ ನಿಂತ ಬೆಳ್ಳಕ್ಕಿಯನ್ನು ಫೋನಿನಲ್ಲಿ ತೆಗೆದರೆ ಎಷ್ಟೋ ಸಲ ಹಸಿರಿನ ನಡುವೆ ಒಂದು ಬಿಳಿ ಕಲೆ ಮಾತ್ರ ಸಿಗುತ್ತದೆ. ದೋಷ ಫೋನಿನದಲ್ಲ. ಕ್ಯಾಮೆರಾ ಇಡೀ ದೃಶ್ಯದ ಬೆಳಕಿನ ಸರಾಸರಿ ನೋಡುತ್ತದೆ. ಸುತ್ತಲೂ ಕಡು ಹಸಿರಿದ್ದಾಗ ಬೆಳಕು ಸಾಲದೆಂದು ಎಲ್ಲವನ್ನೂ ಬೆಳಗಿಸುತ್ತದೆ. ಬಿಳಿ ಗರಿಗಳ ವಿವರ ಅಳಿಸಿಹೋಗುತ್ತದೆ. ಪರದೆಯ ಮೇಲೆ ಹಕ್ಕಿಯನ್ನು ಮುಟ್ಟಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಕೆಳಗೆ ಎಳೆದರೆ ಗರಿ ಗರಿಯೂ ಕಾಣಿಸುತ್ತದೆ.

ಕಾಸಿಲ್ಲದೆ ಆಗುವ ಸುಧಾರಣೆಗಳು

• ಲೆನ್ಸ್ ಒರೆಸಿ. ಬೆರಳಿನ ಜಿಡ್ಡು ಚಿತ್ರವನ್ನು ಮಂಜಾಗಿಸುತ್ತದೆ. ಮೆತ್ತನೆಯ ಹತ್ತಿಬಟ್ಟೆ ಸಾಕು.

• ಹೊತ್ತು ನೋಡಿ. ನಡುಮಧ್ಯಾಹ್ನದ ಬಿಸಿಲು ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳಿಸುತ್ತದೆ. ಬೆಳಗ್ಗೆ, ಸಂಜೆ ಬೆಳಕು ಓರೆಯಾಗಿ ಮೃದುವಾಗಿ ಬೀಳುತ್ತದೆ.

• ಎಳೆದು ಜೂಮ್ ಮಾಡಬೇಡಿ. ಬೇರೆ ಜೂಮ್ ಲೆನ್ಸ್ ಇಲ್ಲದ ಫೋನಿನಲ್ಲಿ ಜೂಮ್ ಎಂದರೆ ಬರೀ ಕತ್ತರಿಸುವುದು. 12 ಮೆಗಾಪಿಕ್ಸೆಲ್ ಚಿತ್ರವನ್ನು ನಾಲ್ಕು ಪಟ್ಟು ಎಳೆದರೆ ಉಳಿಯುವುದು ಮುಕ್ಕಾಲು ಮೆಗಾಪಿಕ್ಸೆಲ್.

• ರಾತ್ರಿ ತೇರಿಗೆ ಫ್ಲ್ಯಾಶ್ ಬೇಡ. ಫೋನಿನ ಫ್ಲ್ಯಾಶ್ ಕೆಲವೇ ಅಡಿ ಮುಟ್ಟುತ್ತದೆ. ಮುಂದೆ ನಿಂತವರ ಬೆನ್ನು ಬೆಳಗುತ್ತದೆ, ತೇರು ಕತ್ತಲಾಗುತ್ತದೆ.

• ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿಯಾಗಿ ಕಳಿಸಿದರೆ ಅದು ಕುಗ್ಗುತ್ತದೆ.

ಜೂಮ್ ಬೇಡವೆಂದರೆ ಹತ್ತಿರ ಹೋಗಬಹುದೇ?

ಜನರ, ಹೂವಿನ ಹತ್ತಿರ ಹೋಗಬಹುದು. ಗೂಡಿನ ಹತ್ತಿರ ಬೇಡ. ಇದೇ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರಿನವರು ಕಾಪಾಡಿಕೊಂಡು ಬಂದ ಈ ಜಾಗವನ್ನು 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹಾರುವ ಚಿತ್ರಕ್ಕಾಗಿ ಚಪ್ಪಾಳೆ ತಟ್ಟಿದರೆ, ಡ್ರೋನ್ ಬಿಟ್ಟರೆ ತಾಯಿಹಕ್ಕಿ ಗೂಡು ಬಿಟ್ಟು ಏಳುತ್ತದೆ. ಅದರ ರೆಕ್ಕೆಯ ನೆರಳು ತಪ್ಪಿದ ಮರಿಗೆ ಸುಡುಬಿಸಿಲು, ಮೇಲೆ ಹದ್ದು ಕಾಗೆಗಳ ಕಾಟ. ಗಾಬರಿಯಿಂದ ಮರಿ ಕೆಳಗೆ ಬೀಳಲೂಬಹುದು.

ಫೋನ್ ಹಿಡಿದವರಿಗೆ ಅಲ್ಲಿ ಬೇರೆ ಚಿತ್ರ ಇದೆ: ಕೆಳಗೆ ಬೀದಿ, ಮನೆಯ ಮಾಡು, ಮೇಲೆ ಮರದ ತುಂಬ ಹಕ್ಕಿಗಳು. ಆ ಊರಿನ ವಿಶೇಷ ಇರುವುದೇ ಅದರಲ್ಲಿ. ದೂರದಿಂದಲೇ ಸಿಗುತ್ತದೆ.

ನಮ್ಮ ತೀರ್ಮಾನ

ಮೆಗಾಪಿಕ್ಸೆಲ್ ಹೆಚ್ಚಿದ್ದರೆ ಫೋಟೊ ತಾನಾಗಿಯೇ ಚೆನ್ನಾಗಿ ಬರುತ್ತದೆ ಎಂಬುದು ಸುಳ್ಳು. ಬೆಳಕು, ಲೆನ್ಸ್, ಸೆನ್ಸರಿನ ಗಾತ್ರ, ತೆಗೆಯುವವರ ತಾಳ್ಮೆ ಅದಕ್ಕಿಂತ ಮುಖ್ಯ. ಕೈಯಲ್ಲಿರುವ ಫೋನಿನಲ್ಲೇ ಒಂದೇ ಮರವನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ ಮೂರು ಸಲ ತೆಗೆದು ಪಕ್ಕಪಕ್ಕದಲ್ಲಿಟ್ಟು ನೋಡಿ. ಹೊಸ ಫೋನ್ ಬೇಕೋ ಬೇಡವೋ ಎಂಬುದನ್ನು ಆಮೇಲೆ ತೀರ್ಮಾನಿಸಿ.