ಹನ್ನೆರಡು ಗುಂಟೆ ಎಲ್ಲೋಯ್ತು? ಎಐ ಏಜೆಂಟ್‌ಗೆ ‘ಟೂಲ್ ವಿವರಣೆ’ ಬರೆಯುವುದು ಹೇಗೆ

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ನಮ್ಮಪ್ಪನ ಹೆಸರಿಗೆ ಎರಡು ಎಕರೆ ಇಪ್ಪತ್ತು ಗುಂಟೆ ಜಮೀನಿದೆ. ಪಹಣಿಯಲ್ಲಿ ಅದು 2.20. ನಾನೇ ಕೂತು ಕಟ್ಟಿದ ಪುಟ್ಟ ಎಐ ಏಜೆಂಟ್ ಅದನ್ನು ಓದಿ, “ನಿಮ್ಮ ಜಮೀನು 2.2 ಎಕರೆ” ಅಂತ ಹೇಳಿತು. ಅಪ್ಪ ಕೇಳಿದ್ದು ಒಂದೇ ಮಾತು: “ಹನ್ನೆರಡು ಗುಂಟೆ ಎಲ್ಲೋಯ್ತು?”

ನಲವತ್ತು ಗುಂಟೆಗೆ ಒಂದು ಎಕರೆ. ಹಾಗಾಗಿ 2.20 ಅಂದರೆ ಎರಡೂವರೆ ಎಕರೆ. ಚುಕ್ಕಿಯ ನಂತರ ಇರುವುದು ದಶಮಾಂಶವಲ್ಲ, ಗುಂಟೆ. ನಮ್ಮ ಕಡೆಯ ಯಾವ ರೈತರಿಗೂ ಇದನ್ನು ಹೇಳಿಕೊಡಬೇಕಿಲ್ಲ. ಯಂತ್ರಕ್ಕೆ ಮಾತ್ರ ಯಾರೂ ಹೇಳಿರಲಿಲ್ಲ. ಯಾರೂ ಅಂದ್ರೆ, ನಾನು.

ಏನಿದು ಟೂಲ್ ವಿವರಣೆ?

ಚಾಟ್‌ಬಾಟ್ ಬರೀ ಮಾತಾಡುತ್ತದೆ. ಏಜೆಂಟ್ ಕೆಲಸವನ್ನೂ ಮಾಡುತ್ತದೆ: ದಾಖಲೆ ಹುಡುಕುತ್ತದೆ, ಅರ್ಜಿ ತುಂಬುತ್ತದೆ, ಟಿಕೆಟ್ ಕಾಯ್ದಿರಿಸುತ್ತದೆ. ಅದಕ್ಕೆ ಬೇಕಾದ ಸಲಕರಣೆಗಳೇ ಟೂಲ್‌ಗಳು. ಆಂಥ್ರೊಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ ಪ್ರಕಾರ ಪ್ರತಿ ಟೂಲ್‌ಗೂ ಒಂದು ಹೆಸರು, ಸಾದಾ ಭಾಷೆಯಲ್ಲಿ ಒಂದು ವಿವರಣೆ, ಏನೇನು ಮಾಹಿತಿ ಕೊಡಬೇಕೆಂಬ ನಮೂನೆ ಇರುತ್ತದೆ. ಒಳಗಿನ ಕೋಡ್ ಸಾಮಾನ್ಯವಾಗಿ ಎಐಗೆ ಕಾಣುವುದಿಲ್ಲ. ಯಾವ ಟೂಲ್ ಯಾವಾಗ ಬಳಸಬೇಕು, ಬಂದ ಉತ್ತರಕ್ಕೆ ಏನರ್ಥ ಎಂಬುದನ್ನು ಅದು ಆ ನಾಲ್ಕು ಸಾಲು ನೋಡಿಯೇ ತೀರ್ಮಾನಿಸಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ, ಈ ಊರನ್ನೇ ಕಾಣದ ಗುಮಾಸ್ತನಿಗೆ ಚೀಟಿ ಬರೆದಿಟ್ಟು ಹೋದ ಹಾಗೆ.

ನನ್ನ ಮೊದಲ ಚೀಟಿಯಲ್ಲಿ ಇದ್ದದ್ದು ಇಷ್ಟೇ: “ಜಮೀನಿನ ವಿವರ ಕೊಡುತ್ತದೆ.”

ಕಸಬಾ ಎಂದರೆ ಯಾವ ಕಸಬಾ?

ಮೊದಲ ತೊಡಕು ಹೆಸರಿನದು. ‘ಚಾಮರಾಜನಗರ’ ಎಂದರೆ ಜಿಲ್ಲೆಯೂ ಹೌದು, ತಾಲ್ಲೂಕೂ ಹೌದು, ಪಟ್ಟಣವೂ ಹೌದು. 1997ರವರೆಗೆ ಇದೆಲ್ಲ ಮೈಸೂರು ಜಿಲ್ಲೆ, ಹಾಗಾಗಿ ಹಳೆಯ ಕಾಗದಗಳಲ್ಲಿ ಜಿಲ್ಲೆಯ ಹೆಸರೇ ಬೇರೆ. ಕಸಬಾ ಹೋಬಳಿ ಗುಂಡ್ಲುಪೇಟೆಯಲ್ಲೂ ಇದೆ, ಚಾಮರಾಜನಗರದಲ್ಲೂ ಇದೆ. ಬೇಗೂರು ನಮ್ಮಲ್ಲಿ ಹೋಬಳಿ, ಬೆಂಗಳೂರಿನಲ್ಲಿ ಬಡಾವಣೆ. ಆದ್ದರಿಂದ ವಿವರಣೆಯಲ್ಲಿ ಹೀಗೆ ಬರೆಯಬೇಕು: “ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಲ್ಲವೂ ಬೇಕು. ಒಂದು ತಪ್ಪಿದರೂ ಊಹಿಸಬೇಡ, ಬಳಕೆದಾರರನ್ನೇ ಕೇಳು.” ಈ ಕೊನೆಯ ವಾಕ್ಯ ಬಿಟ್ಟರೆ ಏಜೆಂಟ್ ಊಹಿಸಿಯೇ ಊಹಿಸುತ್ತದೆ, ಅದೂ ಪೂರ್ತಿ ಧೈರ್ಯದಿಂದ.

ಅಳತೆಯ ಬಗ್ಗೆಯೂ ಅಷ್ಟೇ ಸ್ಪಷ್ಟವಾಗಿರಬೇಕು. ಎಪಿಎಂಸಿ ದರ ಕ್ವಿಂಟಲ್‌ಗೆ, ಚೆಂಡು ಹೂವಿನ ಮಾತು ಕೆಜಿ ಲೆಕ್ಕದಲ್ಲಿ. ಅರಿಶಿನದ ಗರಿಷ್ಠ ದರವನ್ನೇ ‘ಬೆಲೆ’ ಅಂತ ಕೊಟ್ಟರೆ ರೈತ ಆಸೆಪಟ್ಟು ಗಾಡಿ ಕಟ್ಟುತ್ತಾನೆ.

ಟೂಲ್‌ಗೆ ಏನು ಗೊತ್ತಿಲ್ಲ ಎಂಬುದನ್ನೂ ಬರೆಯಿರಿ. ಗುಂಡ್ಲುಪೇಟೆಯಿಂದ ವಯನಾಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ, ಬಂಡೀಪುರ ಕಾಡಿನೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ, 2009ರಲ್ಲಿ ಶುರುವಾದದ್ದು. ಬರೀ ದೂರ ಲೆಕ್ಕ ಹಾಕುವ ಟೂಲ್‌ಗೆ ಇದು ಗೊತ್ತಿರದಿದ್ದರೆ ವಿವರಣೆಯಲ್ಲಿ “ರಾತ್ರಿ ನಿಷೇಧ ಪರಿಗಣಿಸುವುದಿಲ್ಲ” ಅಂತ ಇರಲೇಬೇಕು. ಇಲ್ಲದಿದ್ದರೆ ಹೂವಿನ ಲೋಡು ಚೆಕ್‌ಪೋಸ್ಟ್‌ನಲ್ಲಿ ಬೆಳಗಿನವರೆಗೆ ಬಾಡಬೇಕು.

‘ಇಲ್ಲ’ಗಳಲ್ಲಿ ವ್ಯತ್ಯಾಸವಿದೆ

ನನಗೆ ಅತಿ ಮುಖ್ಯ ಅನ್ನಿಸುವುದು ಇದು. ಗೃಹಲಕ್ಷ್ಮಿಯ 2,000 ರೂಪಾಯಿ ಬಂದಿಲ್ಲ ಅಂತ ಒಬ್ಬ ಅಜ್ಜಿ ಕೇಳುತ್ತಾರೆ ಎಂದುಕೊಳ್ಳಿ. ಟೂಲ್ ಖಾಲಿ ಉತ್ತರ ಕೊಡುತ್ತದೆ. ಅರ್ಜಿಯೇ ಇಲ್ಲವೇ? ತಿರಸ್ಕಾರವಾಗಿದೆಯೇ? ಹೆಸರಿನ ಕಾಗುಣಿತ ಹೊಂದುತ್ತಿಲ್ಲವೇ? ಅಥವಾ ಸರ್ವರ್ ಡೌನೇ? ವಿವರಣೆ ಇವನ್ನು ಬೇರ್ಪಡಿಸದಿದ್ದರೆ ಏಜೆಂಟ್ “ನೀವು ಫಲಾನುಭವಿ ಅಲ್ಲ” ಅಂದುಬಿಡಬಹುದು. ಅಜ್ಜಿ ಮನೆಗೆ ಹೋಗುತ್ತಾರೆ. ಯಾರೂ ಆದೇಶ ಹೊರಡಿಸಲಿಲ್ಲ, ಯಾರೂ ಸಹಿ ಹಾಕಲಿಲ್ಲ, ಮೇಲ್ಮನವಿ ಸಲ್ಲಿಸಲು ಕಾಗದವೂ ಇಲ್ಲ.

ಓದುವ ಟೂಲ್, ಬದಲಾಯಿಸುವ ಟೂಲ್ ಬೇರೆ ಬೇರೆ ಇರಲಿ. ಅರ್ಜಿ ಸಲ್ಲಿಸುವ ಟೂಲ್‌ನಲ್ಲಿ “ಸಲ್ಲಿಸಿದ ಮೇಲೆ ಹಿಂಪಡೆಯಲಾಗದು, ಒಪ್ಪಿಗೆ ಕೇಳದೆ ಬಳಸಬೇಡ” ಅಂತಿರಲಿ. ಆದರೆ ವಿವರಣೆಯೊಂದನ್ನೇ ಬೀಗ ಅಂದುಕೊಳ್ಳಬೇಡಿ, ಅದು ಬರೀ ಸೂಚನೆ. ತಡೆ ಕೋಡ್‌ನಲ್ಲೂ ಇರಬೇಕು. ವಿವರಣೆಯೊಳಗೇ ಗುಟ್ಟಾಗಿ ದುರುದ್ದೇಶದ ಸೂಚನೆ ತುಂಬಿ ಏಜೆಂಟನ್ನು ದಾರಿ ತಪ್ಪಿಸಬಹುದು ಎಂದು 2025ರಲ್ಲಿ ಭದ್ರತಾ ಸಂಶೋಧಕರು ತೋರಿಸಿಕೊಟ್ಟಿದ್ದಾರೆ.

ಹಾಗಾಗಿ ನನ್ನ ವಾದ: ಸರ್ಕಾರಿ ಸೇವೆಗೆ ಏಜೆಂಟ್ ಬಂದರೆ ಅದರ ಟೂಲ್ ವಿವರಣೆಗಳು ಸಾರ್ವಜನಿಕವಾಗಿರಬೇಕು, ಕನ್ನಡದಲ್ಲೂ ಇರಬೇಕು. ನೌಕರರು ಕೆಲಸಕ್ಕೆ ಬಳಸುವ ನಿಯಮ, ಸೂಚನೆ, ಕೈಪಿಡಿಗಳನ್ನು ತಾವಾಗಿಯೇ ಪ್ರಕಟಿಸಬೇಕೆಂದು ಮಾಹಿತಿ ಹಕ್ಕು ಕಾಯ್ದೆ 2005ರ ಸೆಕ್ಷನ್ 4 ಹೇಳುತ್ತದೆ. ಯಂತ್ರಕ್ಕೆ ಕೊಟ್ಟ ಸೂಚನೆ ಇದರಿಂದ ಹೊರಗೇಕೆ?

ಅಂದಹಾಗೆ, ನನ್ನ ಟೂಲ್ ಈಗ 2.20 ನೋಡಿ “ಎರಡು ಎಕರೆ ಇಪ್ಪತ್ತು ಗುಂಟೆ” ಅನ್ನುತ್ತದೆ. ಮೊನ್ನೆ ಅಪ್ಪ ಮತ್ತೆ ಕೇಳಿದರು: “ಇದರಲ್ಲಿ ಖರಾಬು ಕಳೆದಿದ್ಯಾ, ಇಲ್ವಾ?” ಅದನ್ನು ನಾನಿನ್ನೂ ಬರೆದಿಲ್ಲ.