ಕೆಸುವಿನ ತುರಿಕೆ, ಹುಳಿಯ ಉಪಾಯ

ಆಷಾಢದ ಮಳೆ ಹಿಡಿದು ನಾಲ್ಕು ದಿನ ಕಳೆದರೆ ಸಾಕು, ಶಿರಾಲಿಯ ತೋಟದ ಬದುಗಳಲ್ಲಿ, ಬಾವಿಕಟ್ಟೆಯ ಸುತ್ತ, ಬಚ್ಚಲ ನೀರು ಹರಿಯುವ ಹಿತ್ತಿಲಲ್ಲಿ ಕೆಸು ಎದ್ದು ನಿಲ್ಲುತ್ತದೆ. ಬಿತ್ತಿದವರಿಲ್ಲ, ಗೊಬ್ಬರ ಹಾಕಿದವರಿಲ್ಲ. ಭಟ್ಕಳದಿಂದ ಕುಮಟೆಯವರೆಗಿನ ಊರುಗಳಲ್ಲಿ ಮಳೆಗಾಲದ ಮೊದಲ ತರಕಾರಿಯೇ ಇದು. ಹವ್ಯಕರ ಮನೆಯಲ್ಲಿ ಇದು ಕರಕಲಿಯಾಗುತ್ತದೆ; ಕೊಂಕಣಿಗರ ಮನೆಯಲ್ಲಿ ಅಕ್ಕಿ, ತೆಂಗು, ಮೆಣಸಿನ ಹಿಟ್ಟು ಬಳಿದುಕೊಂಡು ಸುರುಳಿ ಸುತ್ತಿ ಪತ್ರೊಡೆಯಾಗುತ್ತದೆ. ಮರದ ಕವಲಿನಲ್ಲಿ ಬೆಳೆಯುವ ಮರಕೆಸು ಸಿಕ್ಕರಂತೂ ಹಬ್ಬ.

ಆದರೆ ಈ ಸೊಪ್ಪಿಗೆ ಒಂದು ದುರ್ಗುಣವಿದೆ. ಅರೆಬೆಂದರೆ, ಹುಳಿ ಕಡಿಮೆಯಾದರೆ ಅದು ಗಂಟಲನ್ನು ಹಿಡಿಯುತ್ತದೆ. ನಾಲಿಗೆ ಚುರುಗುಟ್ಟುತ್ತದೆ, ತುಟಿ ದಪ್ಪವಾದಂತೆನಿಸುತ್ತದೆ, ನುಂಗಿದ ತುತ್ತು ದಾರಿಯುದ್ದಕ್ಕೂ ಮುಳ್ಳಾಗುತ್ತದೆ. ಕೊಂಕಣಿಯಲ್ಲಿ ಇದು ‘ಖಾಜ್’; ಕನ್ನಡದಲ್ಲಿ ತುರಿಕೆ. ಆದ್ದರಿಂದಲೇ ಮನೆಯ ಹಿರಿಯ ಹೆಂಗಸರ ಬಳಿ ಕೆಸುವಿಗೆ ಸಂಬಂಧಿಸಿದ ಕಟ್ಟಳೆಗಳ ಒಂದು ಪಟ್ಟಿಯೇ ಇರುತ್ತದೆ. ಎಲೆಯ ದಂಟನ್ನು, ದಪ್ಪ ನರವನ್ನು ತೆಗೆಯಬೇಕು. ಸುವರ್ಣಗಡ್ಡೆ ಹೆಚ್ಚುವಾಗ ಕೈಗೆ ಎಣ್ಣೆ ಸವರಿಕೊಳ್ಳಬೇಕು. ಹುಣಸೆ, ಅಮಟೆಕಾಯಿ, ಮುರುಗಲು ಸಿಪ್ಪೆ, ಲಿಂಬೆ ಇವುಗಳಲ್ಲಿ ಒಂದಾದರೂ ಹುಳಿ ಬೀಳಲೇಬೇಕು. ಚೆನ್ನಾಗಿ ಬೇಯುವ ತನಕ ಒಲೆಯಿಂದ ಇಳಿಸಬಾರದು.

ಇಷ್ಟು ಕಾಟ ಕೊಡುವ ಗಿಡವನ್ನು ಮನುಷ್ಯ ತಿನ್ನಲು ಕಲಿತದ್ದು ಯಾವಾಗ? ಆ ತುರಿಕೆಯಾದರೂ ಏನು?

ಮೊದಲ ಪ್ರಶ್ನೆಗೆ ಬೆರಗು ಹುಟ್ಟಿಸುವ ಉತ್ತರ ದೊರೆತದ್ದು ಶಾಂತಸಾಗರದ ಸಾಲೋಮನ್ ದ್ವೀಪಗಳಲ್ಲಿ. ಅಲ್ಲಿನ ಕಿಲು ಎಂಬ ಗುಹೆಯಲ್ಲಿ ಸಿಕ್ಕ ಕಲ್ಲಿನ ಉಪಕರಣಗಳ ಅಂಚಿನಲ್ಲಿ ಕೆಸುವಿನ ಜಾತಿಯ ಗಡ್ಡೆಯ ಪಿಷ್ಟದ ಕಣಗಳೂ, ಸೂಜಿಯಂತಹ ಹರಳುಗಳೂ ಅಂಟಿಕೊಂಡಿದ್ದವು. ಅವುಗಳ ವಯಸ್ಸು ಸುಮಾರು 28,000 ವರ್ಷ ಎಂದು 1992ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಬೇಸಾಯ ಆರಂಭವಾಗುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲೇ ಮನುಷ್ಯ ಈ ತುರಿಸುವ ಗಡ್ಡೆಯನ್ನು ಹೆಚ್ಚುತ್ತಿದ್ದ ಎಂದಾಯಿತು.

ನಮ್ಮಲ್ಲಿ ಅಡುಗೆಯನ್ನೂ ವೈದ್ಯವನ್ನೂ ಬೇರೆ ಬೇರೆ ಎಂದು ಬಗೆದವರು ಕಡಿಮೆ. ಸುಮಾರು 1025ರಲ್ಲಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರವೂ ಇದೆ, ವೈದ್ಯವೂ ಇದೆ, ವಿಷಚಿಕಿತ್ಸೆಯೂ ಇದೆ. ಸುವರ್ಣಗಡ್ಡೆಗೆ ಸಂಸ್ಕೃತದ ನಿಘಂಟುಗಳು ಕೊಡುವ ಇನ್ನೊಂದು ಹೆಸರು ‘ಅರ್ಶೋಘ್ನ’, ಎಂದರೆ ಮೂಲವ್ಯಾಧಿಯನ್ನು ಕಳೆಯುವಂಥದು. ಭಾವಮಿಶ್ರನ ‘ಭಾವಪ್ರಕಾಶ’ ಈ ಗಡ್ಡೆಯನ್ನು ಹಸಿವು ಹುಟ್ಟಿಸುವಂಥದು ಎಂದು ಹೊಗಳುತ್ತಲೇ ತುರಿಕೆ ತರುವಂಥದು ಎಂದೂ ಎಚ್ಚರಿಸುತ್ತದೆ. ಹೊಟ್ಟೆಗೆ ಹಿತ, ಗಂಟಲಿಗೆ ಅಹಿತ ಎಂಬ ಈ ವೈಚಿತ್ರ್ಯ ಪ್ರಾಚೀನರಿಗೆ ಚೆನ್ನಾಗಿ ತಿಳಿದಿತ್ತು.

ಹುಳಿಯ ಕಥೆಗೂ ದಾಖಲೆಗಳಿವೆ. ಗೋವೆಯಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಅಲ್ಲಿಯೇ ಅಚ್ಚು ಹಾಕಿಸಿದ ಔಷಧ ಸಸ್ಯಗಳ ಗ್ರಂಥದಲ್ಲಿ ‘ಬ್ರಿಂಡಾವ್’ ಎಂಬ ಕೆಂಪಗಿನ, ಬಹಳ ಹುಳಿಯಾದ ಹಣ್ಣನ್ನು ಹೆಸರಿಸುತ್ತಾನೆ. ಅದೇ ನಮ್ಮ ಮುರುಗಲು, ಗೋವೆಯವರ ಬಿರಿಂಡಾ. ಗಮನಿಸಬೇಕಾದ ಸಂಗತಿಯೆಂದರೆ, ಈ ಹಣ್ಣು ಮಾಗುವುದು ಬೇಸಿಗೆಯ ಕೊನೆಯಲ್ಲಿ. ಮಳೆಗೆ ಮೊದಲು ಅದರ ಸಿಪ್ಪೆಯನ್ನು ಒಣಗಿಸಿ ಭರಣಿಗೆ ತುಂಬಿಟ್ಟರೆ, ಹಿತ್ತಿಲಲ್ಲಿ ಕೆಸು ಏಳುವ ಹೊತ್ತಿಗೆ ಮನೆಯೊಳಗೆ ಹುಳಿ ಸಿದ್ಧವಾಗಿರುತ್ತದೆ. ರೋಗ ಬರುವ ಮೊದಲೇ ಮದ್ದು ಅಟ್ಟದ ಮೇಲಿರುವಂತೆ ಕರಾವಳಿಯ ಋತುಚಕ್ರ ಏರ್ಪಾಟು ಮಾಡಿಕೊಂಡಿತ್ತು.

ಹದಿನಾರನೆಯ ಶತಮಾನದಲ್ಲಿ ಗೋವೆಯಿಂದ ಚದುರಿದ ಸಾರಸ್ವತರು ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಇಳಿದರು. ಅವರೊಡನೆ ಅವರ ಅಡುಗೆಯೂ ಸಸ್ಯಜ್ಞಾನವೂ ಇಳಿದವು. ಕೊಚ್ಚಿಗೆ ಹೋದವರಲ್ಲಿ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು, ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಜೊತೆಗೂಡಿ ಡಚ್ ಅಧಿಕಾರಿ ವಾನ್ ರೀಡ್‌ಗೆ ಗಿಡಮೂಲಿಕೆಗಳ ವಿವರ ಒದಗಿಸಿದರು. ಅದರ ಫಲವೇ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಪ್ರಕಟವಾದ ಹನ್ನೆರಡು ಸಂಪುಟಗಳ ‘ಹಾರ್ಟಸ್ ಮಲಬಾರಿಕಸ್’. ಈ ಮೂವರು 1675ರಲ್ಲಿ ಕೊಂಕಣಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ಮೊದಲ ಸಂಪುಟದಲ್ಲಿ ನಾಗರಿ ಲಿಪಿಯಲ್ಲಿಯೇ ಅಚ್ಚಾಗಿದೆ. ಮಲಬಾರಿನ ‘ಚೇನ’, ಅಂದರೆ ಸುವರ್ಣಗಡ್ಡೆ, ಆ ಗ್ರಂಥದಲ್ಲಿ ಚಿತ್ರಸಹಿತ ಸೇರಿತು.

ಇನ್ನು ಶಿರಾಲಿ. 1757ರಲ್ಲಿ ಶಂಕರಾಶ್ರಮ ಸ್ವಾಮಿಗಳು ಇಲ್ಲಿ ಸಮಾಧಿಸ್ಥರಾದ ಮೇಲೆ ಈ ಊರು ಚಿತ್ರಾಪುರ ಸಾರಸ್ವತರ ಗುರುಸ್ಥಾನವಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಕುಟುಂಬಗಳು ನೌಕರಿಗಾಗಿ ಮುಂಬಯಿಗೆ ವಲಸೆ ಹೋದವು. ಹಿತ್ತಿಲಿಲ್ಲದ ಚಾಳುಗಳಲ್ಲಿ, ಅತ್ತೆ ಜೊತೆಗಿಲ್ಲದ ಸೊಸೆಯಂದಿರು ಅಡುಗೆ ಹೂಡಬೇಕಾಯಿತು. ಬಾಯಿಂದ ಬಾಯಿಗೆ ಬಂದ ಕಟ್ಟಳೆ ಕೈತಪ್ಪುವ ಕಾಲ ಅದು. 1943ರಲ್ಲಿ ಸಾರಸ್ವತ ಮಹಿಳಾ ಸಮಾಜ ಮರಾಠಿಯಲ್ಲಿ ‘ರಸಚಂದ್ರಿಕಾ’ ಎಂಬ ಪಾಕಪುಸ್ತಕ ಹೊರತಂದುದರ ಮಹತ್ವ ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ. ಮುಂದೆ ಇಂಗ್ಲಿಷಿನಲ್ಲಿಯೂ ಬಂದ ಆ ಪುಸ್ತಕ ಅಡುಗೆಯೊಡನೆ ಮನೆಮದ್ದುಗಳನ್ನೂ ಕೊಡುತ್ತದೆ. ‘ಲೋಕೋಪಕಾರ’ದ ಕ್ರಮವೇ ಒಂಬತ್ತು ಶತಮಾನಗಳ ಬಳಿಕ ಮುಂಬಯಿಯ ಗೃಹಿಣಿಯರ ಕೈಯಲ್ಲಿ ಮರುಹುಟ್ಟು ಪಡೆಯಿತು ಎನ್ನಬಹುದು.

ಸೂಜಿ ಮತ್ತು ನಂಜು

ಎರಡನೆಯ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ಸಮಯ ಹಿಡಿಯಿತು. ಕೆಸು ಜಾತಿಯ ಗಿಡಗಳ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು ಕಟ್ಟುಕಟ್ಟಾಗಿ ಇರುವುದು ಸೂಕ್ಷ್ಮದರ್ಶಕದಲ್ಲಿ ಕಂಡ ಸಂಗತಿ. ಈ ಸೂಜಿಗಳು ಬಾಯಿಯ ಒಳಪೊರೆಗೆ ಚುಚ್ಚುವುದರಿಂದ ತುರಿಕೆ ಎಂಬುದು ಬಹುಕಾಲದ ವಿವರಣೆ. ಆದರೆ ಅದಕ್ಕೊಂದು ತೊಡಕಿತ್ತು. ಬೇಯಿಸಿದರೆ ಈ ಸೂಜಿಗಳು ಕರಗುವುದಿಲ್ಲ. ಹುಣಸೆಯಂತಹ ಮೆದು ಹುಳಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಹಾಗಿದ್ದೂ ಬೆಂದ ಕೆಸು ತುರಿಸುವುದಿಲ್ಲವೇಕೆ?

1999ರಲ್ಲಿ ಹವಾಯಿಯ ವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗಗಳು ಈ ಗಂಟನ್ನು ಸಡಿಲಿಸಿದವು. ಸೂಜಿಗಳ ಮೈಗೆ ಒಂದು ಪ್ರೋಟೀನು ಅಂಟಿಕೊಂಡಿರುತ್ತದೆ; ಅದನ್ನು ತೊಳೆದು ತೆಗೆದರೆ ಸೂಜಿ ಮಾತ್ರ ಉಳಿದು ತುರಿಕೆ ಹೋಗುತ್ತದೆ. 2014ರಲ್ಲಿ ಜಪಾನಿನ ಸಂಶೋಧಕರು ಕಿವಿ ಹಣ್ಣಿನಿಂದ ತೆಗೆದ ಇಂಥದೇ ಸೂಜಿಗಳನ್ನು ಹರಳೆಲೆಗೆ ಸವರಿ ಹುಳುಗಳಿಗೆ ತಿನ್ನಿಸಿದರು. ಬರೀ ಸೂಜಿ ತಿಂದ ಹುಳುವಿಗೆ ಹೆಚ್ಚೇನೂ ಆಗಲಿಲ್ಲ. ಪ್ರೋಟೀನನ್ನು ಜೀರ್ಣಿಸುವ ಕಿಣ್ವ ಮಾತ್ರ ತಿಂದ ಹುಳುವಿಗೂ ಅಷ್ಟೆ. ಎರಡನ್ನೂ ಒಟ್ಟಿಗೆ ತಿಂದ ಹುಳುಗಳು ಸತ್ತವು. ಸೂಜಿ ದಾರಿ ಮಾಡಿಕೊಡುತ್ತದೆ, ಕಿಣ್ವ ಒಳಹೊಕ್ಕು ಕೆಡಿಸುತ್ತದೆ.

ಪ್ರೋಟೀನು ಕಾವಿಗೂ ಹುಳಿಗೂ ರೂಪ ಕೆಡಿಸಿಕೊಳ್ಳುವ ವಸ್ತು. ಹಾಲಿಗೆ ಲಿಂಬೆ ಹಿಂಡಿದರೆ ಒಡೆಯುವುದನ್ನು ಕಾಣದವರಿಲ್ಲ. ಬೇಯಿಸಬೇಕು, ಹುಳಿ ಹಾಕಬೇಕು ಎಂಬ ಅಜ್ಜಿಯ ಎರಡೂ ಮಾತುಗಳಿಗೆ ಅರ್ಥ ಬಹುಶಃ ಇಲ್ಲಿಯೇ ಇದೆ.

ಒಂದೇ ತುರಿಕೆ, ಮೂರು ಕಾರಣ

ಆದರೆ ಊಟದ ನಂತರ ಬಾಯಿ, ಗಂಟಲು ತುರಿಸಿದ್ದೆಲ್ಲ ಕೆಸುವಿನ ತುರಿಕೆಯಲ್ಲ. ಮನೆಗಳು ಎಡವುವುದು ಇಲ್ಲಿಯೇ.

ಕರಾವಳಿಯವರಿಗೆ ಬಂಗಡೆ ಗೊತ್ತು. ಹಿಡಿದ ಮೇಲೆ ಮಂಜುಗಡ್ಡೆ ಕಾಣದೆ ಬಿಸಿಲಲ್ಲಿ ಉಳಿದ ಬಂಗಡೆಯಲ್ಲಿ ಸೂಕ್ಷ್ಮಜೀವಿಗಳು ಹಿಸ್ಟಮಿನ್ ಎಂಬ ವಸ್ತುವನ್ನು ತಯಾರಿಸುತ್ತವೆ. ಅಂಥ ಮೀನು ತಿಂದವರ ಮುಖ ಕೆಂಪೇರುತ್ತದೆ, ಮೈ ದದ್ದರಿಸುತ್ತದೆ, ಹೊಟ್ಟೆ ತೊಳಸುತ್ತದೆ. ಎಷ್ಟು ಕುದಿಸಿದರೂ ಹಿಸ್ಟಮಿನ್ ನಾಶವಾಗದು. ಹುಳಿಯೂ ಇಲ್ಲಿ ನಿರುಪಯೋಗಿ.

ಮೂರನೆಯದು ಅಲರ್ಜಿ. 1901ರಲ್ಲಿ ಮೊನಾಕೊದ ರಾಜನ ಹಡಗಿನಲ್ಲಿ ಹೊರಟಿದ್ದ ಫ್ರೆಂಚ್ ವಿಜ್ಞಾನಿಗಳಾದ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಕಡಲಜೀವಿಗಳ ವಿಷದ ಪ್ರಯೋಗ ಆರಂಭಿಸಿದರು. ಮುಂದೆ ಪ್ಯಾರಿಸಿನಲ್ಲಿ, ಒಮ್ಮೆ ವಿಷ ಕೊಟ್ಟು ಚೇತರಿಸಿಕೊಂಡ ನಾಯಿಗೆ ಕೆಲವು ವಾರಗಳ ಬಳಿಕ ತೀರ ಅಲ್ಪ ಪ್ರಮಾಣ ಕೊಟ್ಟಾಗ ಅದು ನಿಮಿಷಗಳಲ್ಲಿ ಸತ್ತಿತು. ರಕ್ಷಿಸಬೇಕಾದ ದೇಹವೇ ತನ್ನ ಮೇಲೆ ತಿರುಗಿಬಿದ್ದಿತ್ತು. ಈ ಶೋಧಕ್ಕಾಗಿ ರಿಶೆಗೆ 1913ರಲ್ಲಿ ನೊಬೆಲ್ ಬಹುಮಾನ ಬಂತು. ‘ಅಲರ್ಜಿ’ ಎಂಬ ಪದವನ್ನು ವಿಯೆನ್ನಾದ ವೈದ್ಯ ಪಿರ್ಕೆ ಟಂಕಿಸಿದ್ದು 1906ರಲ್ಲಿ. ಶೆಟ್ಲಿ, ಅಂದರೆ ಸೀಗಡಿ, ಕೆಲವರಿಗೆ ಆಗದಿರುವುದು ಹೀಗೆ. ಅದರಲ್ಲಿರುವ ಮುಖ್ಯ ಅಲರ್ಜಿಕಾರಕ ಪ್ರೋಟೀನು ಬೇಯಿಸಿದರೂ ತನ್ನ ಗುಣ ಬಿಡುವುದಿಲ್ಲ. ಈ ಸಲ ಹಿಸ್ಟಮಿನ್ ಹೊರಗಿನಿಂದ ಬರುವುದಿಲ್ಲ; ದೇಹದೊಳಗಿಂದಲೇ ಚಿಮ್ಮುತ್ತದೆ. ಬಂಗಡೆಯ ನಂಜಿಗೂ ಸೀಗಡಿಯ ಅಲರ್ಜಿಗೂ ಲಕ್ಷಣ ಒಂದೇ ಆಗಿರುವುದು ಇದರಿಂದಲೇ.

ಮೂರಕ್ಕೂ ಹಿಂದೆ ಮನೆಯಲ್ಲಿ ಒಂದೇ ಮಾತಿತ್ತು: ‘ಆಗಲಿಲ್ಲ’. ಮದ್ದೂ ಒಂದೇ, ಹುಳಿ. ಕೆಸುವಿಗೆ ಅದು ಸರಿ. ಬೆಳೆದವರಿಗೆ ಸ್ವಲ್ಪ ತುರಿಸಿದರೆ ತಣ್ಣನೆಯ ಹಾಲು, ಮೊಸರು ಸಾಕಾಗಬಹುದು. ಆದರೆ ಹಸಿ ಗಡ್ಡೆಯನ್ನೋ ದಂಟನ್ನೋ ಕಚ್ಚಿದ ಮಗುವಿನ ನಾಲಿಗೆ ಬಾತುಕೊಂಡರೆ, ಜೊಲ್ಲು ನುಂಗಲಾಗದಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ ಮನೆಯಲ್ಲಿ ಕಾಯುವಂತಿಲ್ಲ; ವಾಂತಿ ಮಾಡಿಸುವಂತೆಯೂ ಇಲ್ಲ. ಅಲರ್ಜಿಯಿಂದ ಉಸಿರು ಕಟ್ಟಿದವರನ್ನು ಉಳಿಸುವುದು ಅಡ್ರಿನಲಿನ್ ಚುಚ್ಚುಮದ್ದು, ಮುರುಗಲು ಸಾರಲ್ಲ.

ಈ ಮೂರನ್ನೂ ಬೇರ್ಪಡಿಸಲು ಪಂಕ್ತಿಯೇ ನೆರವಾಗುತ್ತದೆ. ಪತ್ರೊಡೆ ಉಂಡ ಹಲವರಿಗೆ ಗಂಟಲು ತುರಿಸಿದರೆ ದೋಷ ಹುಳಿಯದು, ಬೇಯಿಸಿದ್ದರದು. ಮೀನು ತಿಂದ ನಾಲ್ಕಾರು ಮಂದಿಗೆ ಒಟ್ಟಿಗೆ ಮುಖ ಕೆಂಪೇರಿದರೆ ದೋಷ ಮೀನಿನದು. ಎಲ್ಲರೂ ಸುಖವಾಗಿ ಉಂಡೆದ್ದು, ಒಬ್ಬರಿಗೆ ಮಾತ್ರ, ಅದೇ ಪದಾರ್ಥಕ್ಕೆ ಮತ್ತೆ ಮತ್ತೆ ಹಾಗಾದರೆ ಅದು ಅವರ ದೇಹದ ಮಾತು. ಹಾಗೆ ಹೇಳುವವರನ್ನು ‘ಊಟಕ್ಕೆ ನಖರಾ’ ಎಂದು ಗದರಿ, ಒಂದು ತುತ್ತು ತಿಂದರೆ ಏನೂ ಆಗದು ಎಂದು ಒತ್ತಾಯಿಸುವ ರೂಢಿ ಹಲವು ಮನೆಗಳಲ್ಲಿದೆ. ರಿಶೆಯ ನಾಯಿಯನ್ನು ಕೊಂದದ್ದೂ ಅಂತಹ ಒಂದು ಅಲ್ಪ ಪ್ರಮಾಣವೇ. ಕೆಸುವಿನ ಎಲೆಗೆ ಹುಳಿ ಮರೆಯದ ಕರಾವಳಿಯ ಅಡುಗೆಮನೆ, ಪಂಕ್ತಿಯಲ್ಲಿ ‘ನನಗೆ ಬೇಡ’ ಎಂದವರ ಎಲೆಗೆ ಬಡಿಸದಿರುವುದನ್ನೂ ತನ್ನ ಕಟ್ಟಳೆಗಳ ಪಟ್ಟಿಗೆ ಸೇರಿಸಿಕೊಳ್ಳಬೇಕಾಗಿದೆ.